ಅರಳೆಗಿಂತ ತೆಳುವಾದ ಎಳೆ, ಬಾತಿ ಕೆರೆಯ ನೀರು

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು ಹದಿನಾಲ್ಕು ಕಿಲೋಮೀಟರ್ ದಾರಿ. ಆ ದಾರಿಯಲ್ಲೇ ಬಾತಿ ಸಿಗುತ್ತದೆ: ಒಂದು ಗುಡ್ಡ, ಒಂದು ಕೆರೆ, ಸುತ್ತ ಭತ್ತದ ಗದ್ದೆ, ಕಿವಿಗೆ ಬೀಳುವ ಲಾರಿಗಳ ಸದ್ದು. ಕೆರೆಯ ದಡದಲ್ಲಿ ನಿಂತು ಬೊಗಸೆಯಲ್ಲಿ ನೀರು ಎತ್ತಿಕೊಂಡರೆ ಕಣ್ಣಿಗೆ ಕಾಣುವುದು ಕೆಸರು, ಪಾಚಿ, ಅಷ್ಟೆ. ಅದರಲ್ಲಿ ಸೀಸ ಇದೆಯೆ? ಗದ್ದೆಗೆ ಹೊಡೆದ ಕೀಟನಾಶಕದ ಎಣ್ಣೆ ಇಳಿದು ಬಂದಿದೆಯೆ? ಕಣ್ಣಾಗಲಿ ಮೂಗಾಗಲಿ ಇದಕ್ಕೆ ಉತ್ತರ ಕೊಡಲಾರದು. ನೀರನ್ನು ಬಾಟಲಿಗೆ ತುಂಬಿ, ಪ್ರಯೋಗಾಲಯಕ್ಕೆ ಕಳಿಸಿ, ವರದಿಗೆ ಕಾಯಬೇಕು.

ಬೆರಳುದ್ದದ ಒಂದು ಕಡ್ಡಿಯನ್ನು ನೀರಿಗೆ ಅದ್ದಿ ಅಲ್ಲೇ ಉತ್ತರ ಪಡೆಯುವ ವಿದ್ಯೆ ಮೂವತ್ತು ವರ್ಷಗಳಿಂದ ಬೆಳೆಯುತ್ತಿದೆ. ಇಂಗಾಲದ ನ್ಯಾನೊಕೊಳವೆಗಳಿಂದ ಮಾರ್ಪಡಿಸಿದ ವಿದ್ಯುದ್ವಾರ ಎಂಬುದು ಅದರ ಉದ್ದದ ಹೆಸರು. ಆ ವಿದ್ಯೆಯ ಒಂದು ಮುಖ್ಯ ಕವಲು ಬೆಳೆದದ್ದು ಬಾತಿಗೆ ದೂರವಲ್ಲದ ಶಂಕರಘಟ್ಟದಲ್ಲಿ.

ವಿದ್ಯುದ್ರಾಸಾಯನಿಕ ಸಂವೇದನೆ ಎಂದರೇನು

ಹೆಸರು ಹೊಸದೆನಿಸಿದರೂ ವಸ್ತು ಮನೆಮನೆಯಲ್ಲಿದೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಯಂತ್ರ ಅಂಕಿ ತೋರಿಸುತ್ತದೆ. ಪಟ್ಟಿಯ ಮೇಲಿರುವ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ, ಆ ಎಲೆಕ್ಟ್ರಾನುಗಳು ವಿದ್ಯುದ್ವಾರಕ್ಕೆ ಹರಿಯುತ್ತವೆ, ಯಂತ್ರ ಆ ಹರಿವನ್ನು ಅಳೆಯುತ್ತದೆ. ಗ್ಲೂಕೋಸ್ ಹೆಚ್ಚಿದ್ದರೆ ವಿದ್ಯುತ್ತೂ ಹೆಚ್ಚು. ಇದರ ಮೂಲ ಕಲ್ಪನೆಯನ್ನು 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಕೊಟ್ಟರು. 1987ರಲ್ಲಿ ಅದು ಪೆನ್ನಿನ ಗಾತ್ರದ ಸಾಧನವಾಗಿ ಮಾರುಕಟ್ಟೆಗೆ ಬಂತು.

ಅನೇಕ ಪದಾರ್ಥಗಳಿಗೆ ಕಿಣ್ವವೂ ಬೇಕಿಲ್ಲ. ಪ್ಯಾರಾಸಿಟಮಾಲ್, ವಿಟಮಿನ್ ಸಿ, ಯೂರಿಕ್ ಆಮ್ಲ, ಡೋಪಮೈನ್ ಇವೆಲ್ಲ ತಕ್ಕ ವೋಲ್ಟೇಜು ಸಿಕ್ಕಿದರೆ ತಾವಾಗಿಯೇ ಎಲೆಕ್ಟ್ರಾನು ಬಿಟ್ಟುಕೊಡುತ್ತವೆ. ಇದು ಉತ್ಕರ್ಷಣ. ಎಲೆಕ್ಟ್ರಾನು ಪಡೆಯುವುದು ಅಪಕರ್ಷಣ. ಯಾವ ವೋಲ್ಟೇಜಿನಲ್ಲಿ ಈ ಕೊಡುಕೊಳ್ಳುವಿಕೆ ನಡೆಯಿತು ಎಂಬುದರಿಂದ ಪದಾರ್ಥ ಯಾವುದು ಎಂದು ತಿಳಿಯುತ್ತದೆ, ಎಷ್ಟು ವಿದ್ಯುತ್ತು ಹರಿಯಿತು ಎಂಬುದರಿಂದ ಅದು ಎಷ್ಟಿದೆ ಎಂದು ತಿಳಿಯುತ್ತದೆ.

ಪ್ರಯೋಗಕ್ಕೆ ಒಂದು ಬೀಕರಿನಲ್ಲಿ ಮೂರು ವಿದ್ಯುದ್ವಾರ ಇಳಿಬಿಡುತ್ತಾರೆ. ಕ್ರಿಯೆ ನಡೆಯುವುದು ಮೊದಲನೆಯದರ ಮೇಲೆ. ಎರಡನೆಯದು ಕ್ಯಾಲೊಮೆಲ್ ಅಥವಾ ಬೆಳ್ಳಿಯದು. ಎತ್ತರ ಅಳೆಯಲು ಸಮುದ್ರಮಟ್ಟ ಇದ್ದ ಹಾಗೆ ವೋಲ್ಟೇಜು ಅಳೆಯಲು ಅದೇ ಆಧಾರ. ಮೂರನೆಯದು ಮಂಡಲ ಪೂರ್ತಿ ಮಾಡುವ ಪ್ಲಾಟಿನಂ ತಂತಿ. ವೋಲ್ಟೇಜನ್ನು ನಿಧಾನವಾಗಿ ಏರಿಸಿ ಮತ್ತೆ ಇಳಿಸಿದರೆ ಪರದೆಯ ಮೇಲೆ ಬಾತುಕೋಳಿಯ ಆಕಾರದ ಒಂದು ಗೆರೆ ಮೂಡುತ್ತದೆ. ಚಕ್ರೀಯ ವೋಲ್ಟಮಿತಿ ಎಂಬ ಈ ವಿಧಾನದಲ್ಲಿ ಪಳಗಿದ ಕಣ್ಣು ಆ ಗೆರೆಯ ಏರು ಶಿಖರ ಮತ್ತು ಇಳಿ ಶಿಖರಗಳ ನಡುವಿನ ಅಂತರ ನೋಡಿಯೇ ವಿದ್ಯುದ್ವಾರದ ಗುಣ ಹೇಳುತ್ತದೆ. ಒಂದೇ ಎಲೆಕ್ಟ್ರಾನಿನ ಸಲೀಸಾದ ಕ್ರಿಯೆಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಅಂತರ ಸುಮಾರು 59 ಮಿಲಿವೋಲ್ಟ್ ಇರಬೇಕು. ಅದಕ್ಕಿಂತ ಎಷ್ಟು ಹೆಚ್ಚಿದರೆ ಎಲೆಕ್ಟ್ರಾನು ದಾಟಲು ಅಷ್ಟು ತಿಣುಕುತ್ತಿದೆ ಎಂದು ಅರ್ಥ.

ಪಾದರಸದ ಹನಿ, ಇಂಗಾಲದ ಪೇಸ್ಟು

1922ರಲ್ಲಿ ಪ್ರಾಗ್ ನಗರದ ಯಾರೊಸ್ಲಾವ್ ಹೈರೊವ್‌ಸ್ಕಿ ತೊಟ್ಟಿಕ್ಕುವ ಪಾದರಸದ ಹನಿಯನ್ನೇ ವಿದ್ಯುದ್ವಾರ ಮಾಡಿಕೊಂಡರು. ಪ್ರತಿ ಹನಿಯೂ ಹೊಸ ಮೈ, ಹಿಂದಿನ ಕೊಳೆ ಉಳಿಯುವುದಿಲ್ಲ. ಆ ಸಾಧನೆಗೆ 1959ರ ನೊಬೆಲ್ ಬಹುಮಾನ ಬಂತು. ಆದರೆ ಪಾದರಸಕ್ಕೆ ಎರಡು ದೋಷ. ಅದು ವಿಷ. ಮತ್ತೆ ಧನ ವೋಲ್ಟೇಜಿನ ಕಡೆ ಹೋದರೆ ಅದೇ ಉತ್ಕರ್ಷಣಗೊಂಡು ಕರಗುತ್ತದೆ, ಹಾಗಾಗಿ ಉತ್ಕರ್ಷಣಗೊಳ್ಳುವ ಪದಾರ್ಥಗಳನ್ನು ಅದರ ಮೇಲೆ ಅಳೆಯುವುದು ಕಷ್ಟ.

ಕ್ಯಾನ್ಸಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್ ಪಾದರಸದ ಬದಲು ಇಂಗಾಲದ ಹನಿ ತೊಟ್ಟಿಕ್ಕಿಸಬಹುದೇ ಎಂದು ನೋಡಿದರು. ಇಂಗಾಲದ ಪುಡಿಯನ್ನು ದ್ರವದಲ್ಲಿ ಕಲಸಿದರು. ಹನಿ ಬೀಳಲಿಲ್ಲ, ಯೋಚನೆ ಕೈಕೊಟ್ಟಿತು. ಆದರೆ ಗಟ್ಟಿಯಾಗಿ ಉಳಿದ ಆ ಕಪ್ಪು ಪೇಸ್ಟನ್ನೇ ಒಂದು ಕುಳಿಗೆ ತುಂಬಿ ನೋಡಿದಾಗ ಸೊಗಸಾಗಿ ಕೆಲಸ ಮಾಡಿತು. 1958ರಲ್ಲಿ ಅವರು ಪ್ರಕಟಿಸಿದ ಪುಟ್ಟ ಟಿಪ್ಪಣಿಯೇ ಕಾರ್ಬನ್ ಪೇಸ್ಟ್ ವಿದ್ಯುದ್ವಾರದ ಹುಟ್ಟು. ಆಡಮ್ಸ್ ಅಲ್ಲಿಗೆ ನಿಲ್ಲಲಿಲ್ಲ. 1970ರ ದಶಕದಲ್ಲಿ ಜೀವಂತ ಇಲಿಯ ಮಿದುಳಿನೊಳಗೇ ಇಂಗಾಲದ ವಿದ್ಯುದ್ವಾರ ಇಟ್ಟು ಅಲ್ಲಿನ ರಾಸಾಯನಿಕಗಳನ್ನು ಅಳೆಯಲು ಹೊರಟರು. ಈ ಕ್ಷೇತ್ರದ ಲೇಖನಗಳಲ್ಲಿ ಡೋಪಮೈನ್ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಬೇರು ಅಲ್ಲಿದೆ.

ನ್ಯಾನೊಕೊಳವೆ ಹೇಗಿರುತ್ತದೆ

ಪೆನ್ಸಿಲ್ಲಿನ ಸೀಸ ಎಂದು ನಾವು ಕರೆಯುವ ಗ್ರಾಫೈಟ್, ಇಂಗಾಲದ ಹಾಳೆಗಳ ಅಟ್ಟಿ. ಪ್ರತಿ ಹಾಳೆಯೂ ಜೇನುಗೂಡಿನ ಹಾಗೆ ಷಟ್ಕೋನಗಳ ಜಾಲ. ಅಂಥ ಒಂದು ಹಾಳೆಯನ್ನು ಚಾಪೆ ಸುತ್ತಿದಂತೆ ಸುತ್ತಿ ಅಂಚು ಕೂಡಿಸಿದರೆ ಏಕಭಿತ್ತಿ ನ್ಯಾನೊಕೊಳವೆ. ಕೊಳವೆಯೊಳಗೆ ಕೊಳವೆ ಕೂತರೆ ಬಹುಭಿತ್ತಿ, ಅದರಲ್ಲಿ ಭಿತ್ತಿಯಿಂದ ಭಿತ್ತಿಗೆ ಅಂತರ 0.34 ನ್ಯಾನೊಮೀಟರ್. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ ಮೇಲೆ ಜಗತ್ತಿನ ಕಣ್ಣು ಇತ್ತ ತಿರುಗಿತು. ಇಂಥ ಎಳೆಗಳ ಚಿತ್ರವನ್ನು ಸೋವಿಯತ್ ವಿಜ್ಞಾನಿಗಳು 1952ರಲ್ಲೇ ಪ್ರಕಟಿಸಿದ್ದರು, ಅದು ರಷ್ಯನ್ ಪತ್ರಿಕೆಯಲ್ಲೇ ಉಳಿದುಬಿಟ್ಟಿತ್ತು.

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಇದನ್ನು ಅರಳೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಹತ್ತಿಯ ಒಂದು ನಾರು ಹೆಚ್ಚು ಕಡಿಮೆ ಹದಿನೈದು ಮೈಕ್ರೊಮೀಟರ್ ದಪ್ಪ. ಸಾಧಾರಣ ಬಹುಭಿತ್ತಿ ಕೊಳವೆ ಅದರ ಸಾವಿರದಲ್ಲೊಂದು ಪಾಲಿನ ಆಸುಪಾಸು. ವಿದ್ಯುದ್ವಾರದ ಮೈಮೇಲೆ ಇವನ್ನು ಹರಡಿದಾಗ ಬಿಡಿ ಬಿಡಿಯಾಗಿ ನಿಲ್ಲುವುದಿಲ್ಲ, ಹಿಂಜಿದ ಅರಳೆಯ ಹಾಗೆ ಒಂದಕ್ಕೊಂದು ತೊಡರಿಕೊಂಡು ರಂಧ್ರಗಳಿಂದ ತುಂಬಿದ ಚಾಪೆಯಾಗುತ್ತವೆ. ಆ ಚಾಪೆಯಲ್ಲಿ ಅಡಗಿರುವ ಮೈ ಅಪಾರ. ಏಕಭಿತ್ತಿ ಕೊಳವೆಗಳು ಒಂದು ಗ್ರಾಂ ಇದ್ದರೆ ಹೊರಮೈಯನ್ನಷ್ಟೇ ಲೆಕ್ಕ ಹಾಕಿದರೂ ಸುಮಾರು 1,300 ಚದರ ಮೀಟರ್ ಆಗುತ್ತದೆ, ಅಂದರೆ ಹತ್ತಿರ ಹತ್ತಿರ ಹದಿಮೂರು ಗುಂಟೆ. ಚಿಟಿಕೆ ಪುಡಿಯಲ್ಲಿ ಒಂದು ಸಣ್ಣ ಗದ್ದೆಯಷ್ಟು ನೆಲ.

ಮೈ ದೊಡ್ಡದಾದಷ್ಟೂ ಅಣುಗಳು ಬಂದು ಮುಟ್ಟಲು ಜಾಗ ಹೆಚ್ಚು. ಜೊತೆಗೆ ಕೊಳವೆ ಉದ್ದಕ್ಕೂ ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ. ಅದರ ತುದಿಗಳೂ ಭಿತ್ತಿಯ ದೋಷಗಳೂ ಎಲೆಕ್ಟ್ರಾನು ವಿನಿಮಯಕ್ಕೆ ಚುರುಕಾದ ತಾಣಗಳು. ನಯವಾದ ಪಕ್ಕದ ಗೋಡೆ ಅಷ್ಟು ಚುರುಕಲ್ಲ. ಆದ್ದರಿಂದಲೇ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ ಕೊಳವೆಗಳನ್ನು ಕುಲುಕಿ, ತುದಿ ತೆರೆದು, ಅಲ್ಲಿ ಕಾರ್ಬಾಕ್ಸಿಲ್ ಗುಂಪುಗಳನ್ನು ಕೂರಿಸುವ ರೂಢಿ ಬಂದಿದೆ. ಆಮ್ಲದ ಸ್ನಾನವಾದ ಮೇಲೆ ಅವು ನೀರಿನಲ್ಲೂ ಸ್ವಲ್ಪ ಹೊತ್ತು ತೇಲಿ ನಿಲ್ಲುತ್ತವೆ.

ಮೊದಲ ವಿದ್ಯುದ್ವಾರ ಭಾರತದ್ದು

ಇದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ, ಗೊತ್ತಿರಬೇಕಾದದ್ದು. ನ್ಯಾನೊಕೊಳವೆಯನ್ನು ವಿದ್ಯುದ್ವಾರವಾಗಿ ಬಳಸಿದ ಮೊದಲ ಪ್ರಬಂಧ ಬಂದದ್ದು 1996ರಲ್ಲಿ. ಬರೆದವರು ಬ್ರಿಟ್ಟೊ, ಕೆ.ಎಸ್.ವಿ. ಸಂತಾನಂ ಮತ್ತು ಪಿ.ಎಂ. ಅಜಯನ್. ಸಂತಾನಂ ಆಗ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು, ಅಜಯನ್ ಮೂಲತಃ ಕೇರಳದವರು. ಕೊಳವೆಗಳನ್ನು ಬ್ರೋಮೊಫಾರ್ಮ್ ಎಂಬ ದ್ರವದಲ್ಲಿ ಕಲಸಿ ಗಾಜಿನ ನಳಿಗೆಗೆ ತುಂಬಿ, ಡೋಪಮೈನ್ ಉತ್ಕರ್ಷಣವನ್ನು ಅವರು ಅಳೆದರು. ಇಜಿಮಾ ಕೊಳವೆ ಕಂಡ ಐದೇ ವರ್ಷಕ್ಕೆ!

ಡೋಪಮೈನನ್ನೇ ಆರಿಸಿದ್ದಕ್ಕೆ ಕಾರಣವಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಕುಗ್ಗುವುದು ಇದೇ. ಅದನ್ನು ದೇಹದ ದ್ರವದಲ್ಲಿ ಅಳೆಯುವುದು ತಲೆನೋವಿನ ಕೆಲಸ, ಏಕೆಂದರೆ ಪಕ್ಕದಲ್ಲೇ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ನೂರಾರು ಪಟ್ಟು ಹೆಚ್ಚು ಇರುತ್ತದೆ. ಸಾಧಾರಣ ಇಂಗಾಲದ ಮೇಲೆ ಎರಡೂ ಸರಿಸುಮಾರು ಒಂದೇ ವೋಲ್ಟೇಜಿನಲ್ಲಿ ಉತ್ಕರ್ಷಣಗೊಳ್ಳುತ್ತವೆ. ಜಾತ್ರೆಯ ತಮಟೆಯ ನಡುವೆ ಒಂದು ಕೊಳಲನ್ನು ಆಲಿಸಿದ ಹಾಗೆ. ನ್ಯಾನೊಕೊಳವೆಯ ಮೈಮೇಲೆ ಇವುಗಳ ಶಿಖರಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ನೇಫಿಯಾನ್ ಎಂಬ ಪಾಲಿಮರ್ ಪೊರೆ ಹೊದಿಸಿದರೆ ಇನ್ನೂ ಒಳ್ಳೆಯದು: ಆ ಪೊರೆಗೆ ಋಣ ವಿದ್ಯುದಂಶ ಇರುವುದರಿಂದ ಋಣವಾದ ಆಸ್ಕಾರ್ಬೇಟನ್ನು ದೂರ ತಳ್ಳಿ, ಧನವಾದ ಡೋಪಮೈನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೊಳವೆಗಳನ್ನು ನೇಫಿಯಾನ್‌ನಲ್ಲೇ ಹದವಾಗಿ ಬೆರೆಸುವ ದಾರಿಯನ್ನು ಜೋಸೆಫ್ ವಾಂಗ್ ಅವರ ತಂಡ 2003ರಲ್ಲಿ ತೋರಿಸಿತು. ಅದೇ ವರ್ಷ ಅರ್ಜೆಂಟೀನಾದ ರುಬಿಯಾನೆಸ್ ಮತ್ತು ರಿವಾಸ್, ಆಡಮ್ಸ್ ಅವರ ಹಳೇ ಪೇಸ್ಟಿನಲ್ಲಿ ಗ್ರಾಫೈಟ್ ಬದಲು ನ್ಯಾನೊಕೊಳವೆ ಹಾಕಿ ಎಣ್ಣೆಯಲ್ಲಿ ಕಲಸಿದರು.

ಶಂಕರಘಟ್ಟದ ಕಲ್ಬತ್ತು

ಆ 2003ರಲ್ಲೇ ಫುಲ್ಲರಿನ್ ಎಂಬ ಇಂಗಾಲದ ಅಣುಗಳು ಮತ್ತು ನ್ಯಾನೊಕೊಳವೆಗಳ ಸಂವೇದಕಗಳ ಬಗ್ಗೆ ಒಂದು ದೀರ್ಘ ಸಮೀಕ್ಷಾ ಲೇಖನ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು. ಮೂವರು ಲೇಖಕರಲ್ಲಿ ಮೊದಲನೆಯವರು ಬಿ.ಎಸ್. ಶೇರಿಗಾರ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು. ಜೊತೆಗಾರರು ವಾರ್ಸಾದ ಕುಟ್ನರ್ ಮತ್ತು ಆಗ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿದ್ದ ಫ್ರಾನ್ಸಿಸ್ ಡಿಸೋಜಾ. ಪೇಸ್ಟು ಹುಟ್ಟಿದ ಕ್ಯಾನ್ಸಸ್ಸಿಗೂ ಭದ್ರಾ ದಡದ ಶಂಕರಘಟ್ಟಕ್ಕೂ ಹೀಗೊಂದು ನಂಟು.

ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1987ರಲ್ಲಿ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆಯಾಗುವವರೆಗೆ ದಾವಣಗೆರೆ, ಹರಿಹರದ ಕಾಲೇಜುಗಳೂ ಅದರ ಅಡಿಯಲ್ಲೇ ಇದ್ದವು. ಅಲ್ಲಿನ ಕೈಗಾರಿಕಾ ರಸಾಯನಶಾಸ್ತ್ರ ವಿಭಾಗದಲ್ಲಿ ಶೇರಿಗಾರ ಮತ್ತು ಬಿ.ಇ. ಕುಮಾರಸ್ವಾಮಿ ಅವರ ಸುತ್ತ ಕಾರ್ಬನ್ ಪೇಸ್ಟ್ ವಿದ್ಯುದ್ವಾರಗಳ ಒಂದು ಪರಂಪರೆಯೇ ಬೆಳೆಯಿತು. ಡೋಪಮೈನ್, ಆಸ್ಕಾರ್ಬಿಕ್ ಆಮ್ಲ, ಯೂರಿಕ್ ಆಮ್ಲ ಮೂರನ್ನೂ ಒಟ್ಟಿಗೆ ಇಟ್ಟು ಬಿಡಿಸಿ ಅಳೆಯುವ ಕೆಲಸದಲ್ಲಿ ಆ ಗುಂಪಿನ ಪ್ರಬಂಧಗಳು ನೂರಾರು. ಅಲ್ಲಿ ಕೆಲಸ ಮಾಡಿದ ಜೆ.ಜಿ. ಮಂಜುನಾಥ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಿ ನ್ಯಾನೊಕೊಳವೆಯ ಪೇಸ್ಟಿಗೆ ಸಾಬೂನಿನ ಗುಣದ ಅಣುಗಳನ್ನು ಸೇರಿಸಿ ವಿಟಮಿನ್‌ಗಳನ್ನೂ ವೆನಿಲಿನ್‌ನಂಥ ಆಹಾರ ಪದಾರ್ಥಗಳನ್ನೂ ಅಳೆಯುವ ವಿಧಾನಗಳನ್ನು ಬೆಳೆಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಟಿ. ನಂದಿಬೇವೂರ ಮತ್ತು ಜೆ. ಸೀತಾರಾಮಪ್ಪ ಅವರ ಗುಂಪುಗಳು ಔಷಧಗಳ ಅಳತೆಗೆ ಇದೇ ದಾರಿ ಹಿಡಿದವು.

ಇಷ್ಟು ಸಣ್ಣ ಊರುಗಳಲ್ಲಿ ಈ ವಿಜ್ಞಾನ ಹೇಗೆ ಬೇರು ಬಿಟ್ಟಿತು? ತಯಾರಿಯ ವಿಧಾನ ನೋಡಿದರೆ ತಿಳಿಯುತ್ತದೆ.

ಪೇಸ್ಟು ಮಾಡುವ ಬಗೆ

ಗ್ರಾಫೈಟ್ ಪುಡಿ ಎಪ್ಪತ್ತು ಪಾಲು, ಸಿಲಿಕೋನ್ ಎಣ್ಣೆ ಮೂವತ್ತು ಪಾಲು. ಇದು ಶಂಕರಘಟ್ಟದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಅಳತೆ. ನ್ಯಾನೊಕೊಳವೆಯ ವಿದ್ಯುದ್ವಾರ ಬೇಕಾದರೆ ಗ್ರಾಫೈಟಿನ ಒಂದಂಶವನ್ನೋ ಪೂರ್ತಿಯನ್ನೋ ಕೊಳವೆಗೆ ಬಿಟ್ಟುಕೊಡಬೇಕು. ಅಗೇಟ್ ಕಲ್ಬತ್ತಿನಲ್ಲಿ ಹಾಕಿ ಕೈಯಿಂದ ಅರೆಯಬೇಕು, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಅವಸರ ಮಾಡಿದರೆ ಎಣ್ಣೆ ಒಂದು ಕಡೆ, ಪುಡಿ ಒಂದು ಕಡೆ ಉಳಿದು ಅಳತೆ ಪ್ರತಿ ಸಲ ಬೇರೆಯಾಗುತ್ತದೆ. ಹದ ಬಂದ ಪೇಸ್ಟನ್ನು ಮೂರು ಮಿಲಿಮೀಟರ್ ಅಗಲದ ಕುಳಿಯಿರುವ ಪ್ಲಾಸ್ಟಿಕ್ ನಳಿಗೆಗೆ ಗಾಳಿ ಉಳಿಯದಂತೆ ಒತ್ತಿ ತುಂಬಬೇಕು. ಹಿಂದಿನಿಂದ ತಾಮ್ರದ ತಂತಿ ಚುಚ್ಚಬೇಕು. ಮುಂದಿನ ಮೈಯನ್ನು ನಯವಾದ ಕಾಗದದ ಮೇಲೆ ಉಜ್ಜಿದರೆ ಕನ್ನಡಿಯಂತೆ ಹೊಳೆಯಬೇಕು. ವಿದ್ಯುದ್ವಾರ ಸಿದ್ಧ. ಮೈ ಕೊಳೆಯಾದರೆ ಸ್ವಲ್ಪ ಪೇಸ್ಟು ಹೊರತಳ್ಳಿ ಮತ್ತೆ ಉಜ್ಜಿದರಾಯಿತು.

ಇನ್ನೊಂದು ಬಗೆಯೂ ಇದೆ. ಗಾಜಿನಂತೆ ಹೊಳೆಯುವ ಇಂಗಾಲದ ಕಡ್ಡಿಯನ್ನು ಅಲ್ಯುಮಿನಾ ಪುಡಿಯಿಂದ ತಿಕ್ಕಿ, ದ್ರಾವಕದಲ್ಲಿ ಹರಡಿಸಿದ ಕೊಳವೆಗಳ ಐದಾರು ಮೈಕ್ರೊಲೀಟರನ್ನು ಅದರ ಮೇಲೆ ಹನಿಸಿ ಒಣಗಿಸುವುದು. ಕಡಿಮೆ ಕೊಳವೆ ಸಾಕು, ಆದರೆ ಹನಿ ಒಣಗುವಾಗ ಅಂಚಿಗೆ ಸರಿದು ಕಾಫಿ ಕಲೆಯ ಹಾಗೆ ಉಂಗುರವಾಗುವ ತೊಂದರೆ ಇದೆ. ಕಾಲೇಜಿನ ಮಟ್ಟಕ್ಕೆ ಪೇಸ್ಟೇ ಮೇಲು ಎಂಬುದು ನನ್ನ ಎಣಿಕೆ. ತಪ್ಪಾದರೆ ತಿದ್ದಿಕೊಳ್ಳಬಹುದು, ಮುರಿಯುವ ಭಯವಿಲ್ಲ.

ವಿದ್ಯುತ್ತನ್ನು ಅಳೆಯುವ ಯಂತ್ರಕ್ಕೆ ಹಣ ಬೇಕು, ನಿಜ. ಆದರೆ ಲೋಹಗಳನ್ನು ಅಳೆಯುವ ದೊಡ್ಡ ಪ್ಲಾಸ್ಮಾ ಯಂತ್ರಗಳ ಬೆಲೆಗೆ ಹೋಲಿಸಿದರೆ ಅದು ಅಲ್ಪ. ಪರಿಣತಿ ಇರುವುದು ಕೈಯಲ್ಲಿ, ತಾಳ್ಮೆಯಲ್ಲಿ, ಗೆರೆ ಓದುವ ಕಣ್ಣಿನಲ್ಲಿ.

ಮಹಿಮೆ ಕೊಳವೆಯದೋ ಕಲ್ಮಶದ್ದೋ

ಹೊಸ ವಸ್ತುವಿನ ಸುತ್ತ ಹುಟ್ಟುವ ಹುರುಪಿಗೆ ವಿಜ್ಞಾನವೇ ಕಡಿವಾಣ ಹಾಕಿದ ಪ್ರಸಂಗ ಇಲ್ಲಿದೆ. ಆಕ್ಸ್‌ಫರ್ಡಿನ ರಿಚರ್ಡ್ ಕಾಂಪ್ಟನ್ ಅವರ ತಂಡ ಎರಡು ಪ್ರಶ್ನೆ ಎತ್ತಿತು. ಮೊದಲನೆಯದು ಕಲ್ಮಶದ್ದು. ಕೊಳವೆಗಳನ್ನು ಬೆಳೆಸುವಾಗ ಕಬ್ಬಿಣ, ನಿಕಲ್, ಕೋಬಾಲ್ಟಿನ ಸೂಕ್ಷ್ಮ ಕಣಗಳ ಮೇಲೆ ಹೈಡ್ರೊಕಾರ್ಬನ್ ಅನಿಲ ಹಾಯಿಸುತ್ತಾರೆ. ಆ ಕಣಗಳು ಕೊಳವೆಯೊಳಗೇ ಸಿಕ್ಕಿಕೊಂಡಿರುತ್ತವೆ, ಆಮ್ಲದಲ್ಲಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೈಡ್ರಜನ್ ಪೆರಾಕ್ಸೈಡ್‌ನಂಥ ಕೆಲವು ಪದಾರ್ಥಗಳಲ್ಲಿ ಕಂಡ ಚುರುಕು ಆ ಲೋಹದ್ದು, ಇಂಗಾಲದ್ದಲ್ಲ ಎಂದು ಅವರು 2006ರ ಸುಮಾರಿಗೆ ತೋರಿಸಿದರು. ಎರಡನೆಯದು ಇನ್ನೂ ಸೂಕ್ಷ್ಮ. ಅರಳೆಯಂಥ ಚಾಪೆಯೊಳಗೆ ದ್ರಾವಣ ಇಂಗಿ ನಿಂತಿರುತ್ತದೆ. ಅಲ್ಲಿ ಸಿಕ್ಕಿಬಿದ್ದ ಅಣುಗಳು ದೂರದಿಂದ ಹರಿದು ಬರಬೇಕಿಲ್ಲ, ಕೂತಲ್ಲೇ ಕ್ರಿಯೆಗೆ ಒಳಗಾಗುತ್ತವೆ. ಆಗ ಶಿಖರ ಬೇಗ ಮೂಡುತ್ತದೆ, ಅಂತರವೂ ಕುಗ್ಗುತ್ತದೆ. ನೋಡುವವರು ಎಲೆಕ್ಟ್ರಾನು ವೇಗವಾಯಿತು ಎಂದು ಬರೆದುಕೊಳ್ಳುತ್ತಾರೆ, ಆಗಿರುವುದು ಇಂಗಿದ ನೀರಿನ ಪರಿಣಾಮ ಮಾತ್ರ.

ಇದರಿಂದ ವಿದ್ಯುದ್ವಾರ ನಿರುಪಯುಕ್ತವಾಗುವುದಿಲ್ಲ. ಸಂವೇದಕದ ಕೆಲಸ ಅಳೆಯುವುದು, ಅದು ಅಳೆಯುತ್ತದೆ. ಆದರೆ ಏಕೆ ಅಳೆಯುತ್ತಿದೆ ಎಂದು ತಪ್ಪಾಗಿ ತಿಳಿದರೆ, ಬೇರೆ ಕಂಪನಿಯ ಕೊಳವೆ ತಂದ ದಿನ ಅಳತೆ ತಪ್ಪುತ್ತದೆ. ಆದ್ದರಿಂದ ಕೊಳವೆಯ ಮೂಲ, ಅದರಲ್ಲಿ ಉಳಿದ ಲೋಹದ ಪ್ರಮಾಣ, ಬರಿಯ ಗ್ರಾಫೈಟಿನ ಜೊತೆ ಹೋಲಿಕೆ ಈ ಮೂರನ್ನೂ ಕೊಡದ ಪ್ರಬಂಧವನ್ನು ಅರ್ಧ ಮಾತ್ರ ನಂಬಬೇಕು.

ಬಾತಿ, ಹರಿಹರದ ನೀರಿಗೆ ಇದು ಏನು ಮಾಡಬಲ್ಲದು

ಸೀಸ ಮತ್ತು ಕ್ಯಾಡ್ಮಿಯಂ ವಿಷಯದಲ್ಲಿ ಬಹಳ ಮಾಡಬಲ್ಲದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 0.003. ಹತ್ತು ಸಾವಿರ ಲೀಟರಿನ ಟ್ಯಾಂಕರಿಗೆ 0.1 ಗ್ರಾಂ ಸೀಸ ಬಿದ್ದರೆ ಅಲ್ಲಿಗೆ ಮಿತಿ ಮುಟ್ಟಿತು. ಇಷ್ಟು ಅಲ್ಪವನ್ನು ಹಿಡಿಯಲು ಒಂದು ಜಾಣ ಉಪಾಯವಿದೆ. ವಿದ್ಯುದ್ವಾರಕ್ಕೆ ಋಣ ವೋಲ್ಟೇಜು ಕೊಟ್ಟು, ದ್ರಾವಣವನ್ನು ಕಲಕುತ್ತ ಕೆಲವು ನಿಮಿಷ ಬಿಡುತ್ತಾರೆ. ನೀರಿನಲ್ಲಿ ಚದುರಿದ ಲೋಹದ ಅಯಾನುಗಳು ಬಂದು ಮೈಮೇಲೆ ಲೋಹವಾಗಿ ಕೂರುತ್ತವೆ, ಹನಿ ಹನಿ ಕೂಡಿಟ್ಟ ಹಾಗೆ. ಆಮೇಲೆ ವೋಲ್ಟೇಜನ್ನು ಮೇಲಕ್ಕೆ ತಂದರೆ ಮೊದಲು ಕ್ಯಾಡ್ಮಿಯಂ, ನಂತರ ಸೀಸ ಒಂದೊಂದಾಗಿ ಕಳಚಿ ಹೋಗುತ್ತವೆ. ಒಂದೊಂದಕ್ಕೂ ಒಂದೊಂದು ಶಿಖರ. ಹಿಂದೆ ಇದಕ್ಕೆ ಪಾದರಸದ ಪೊರೆ ಬೇಕಿತ್ತು. 2000ದಲ್ಲಿ ವಾಂಗ್ ತಂಡ ಬಿಸ್ಮತ್ ಪೊರೆ ತೋರಿಸಿದ ಮೇಲೆ ಆ ವಿಷದ ಗೋಜು ತಪ್ಪಿತು. ನ್ಯಾನೊಕೊಳವೆಯ ಚಾಪೆಯ ಮೇಲೆ ಬಿಸ್ಮತ್ ಹೊದಿಸಿದ ವಿದ್ಯುದ್ವಾರಗಳು ಮೇಲೆ ಹೇಳಿದ ಮಿತಿಗಳಿಗಿಂತ ಕೆಳಗೂ ಅಳೆಯಬಲ್ಲವು.

ಗದ್ದೆಯ ಎಣ್ಣೆಯ ವಿಷಯ ಇನ್ನಷ್ಟು ಹತ್ತಿರದ್ದು. ಭದ್ರಾ ನಾಲೆಯ ನೀರಿನಲ್ಲಿ ವರ್ಷಕ್ಕೆರಡು ಬೆಳೆ ಭತ್ತ ತೆಗೆಯುವ ಸೀಮೆ ಇದು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಕೀಟದ ನರದಲ್ಲಿರುವ ಒಂದು ಕಿಣ್ವವನ್ನು ಕಟ್ಟಿಹಾಕಿ ಕೊಲ್ಲುತ್ತವೆ. ಅದೇ ಕಿಣ್ವವನ್ನು ನ್ಯಾನೊಕೊಳವೆಯ ಮೈಮೇಲೆ ಕೂರಿಸಿ ಅದರ ಆಹಾರ ಕೊಟ್ಟರೆ ಥಯೊಕೋಲಿನ್ ಎಂಬ ಪದಾರ್ಥ ಹುಟ್ಟಿ, ಉತ್ಕರ್ಷಣಗೊಂಡು ವಿದ್ಯುತ್ತು ಕೊಡುತ್ತದೆ. ನೀರಿನಲ್ಲಿ ಕೀಟನಾಶಕ ಇದ್ದರೆ ಕಿಣ್ವ ಮಂಕಾಗಿ ವಿದ್ಯುತ್ತು ಇಳಿಯುತ್ತದೆ. ವಿದ್ಯುತ್ತು ಎಷ್ಟು ಇಳಿಯಿತೋ ಅದೇ ವಿಷದ ಅಳತೆ. ಯಾವ ಕೀಟನಾಶಕ ಎಂದು ಇದು ಬಿಡಿಸಿ ಹೇಳದು, ಇದೆ ಎಂದು ಮಾತ್ರ ಕೂಗಿ ಹೇಳುತ್ತದೆ. ಕೆರೆಗೆ ಆ ಕೂಗೇ ಮೊದಲು ಬೇಕಾದದ್ದು. ಭಾರತ 2018ರಲ್ಲಿ ನಿಷೇಧಿಸಿದ ಮೀಥೈಲ್ ಪ್ಯಾರಾಥಿಯಾನ್‌ಗೆ ಕಿಣ್ವವೂ ಬೇಡ, ಅದರ ನೈಟ್ರೊ ಗುಂಪೇ ವಿದ್ಯುದ್ವಾರದ ಮೇಲೆ ಅಪಕರ್ಷಣಗೊಂಡು ಗುರುತು ಕೊಡುತ್ತದೆ.

ಹರಿಹರದ ಬಳಿ ತುಂಗಭದ್ರೆಯ ಕಥೆ ಬೇರೆ. ಎದುರು ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನ ಉದ್ಯಮ ಬಂದ ಮೇಲೆ, 1980ರ ದಶಕದಲ್ಲಿ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನಾ ಸಮುದಾಯ ನದಿಯ ಮಾಲಿನ್ಯದ ವಿರುದ್ಧ ಹೋರಾಟ ಕಟ್ಟಿತು. ಬಣ್ಣ, ವಾಸನೆ, ಸತ್ತ ಮೀನು ದಡದ ಜನರ ಕಣ್ಣಿಗೆ ಕಾಣುವಂಥವು. ಆದರೆ ಇಂಥ ವಾದಕ್ಕೆ ಅಂಕಿಯೂ ಬೇಕು, ಆ ಅಂಕಿ ತೆಗೆಯುವ ಸಾಧನ ದಡದವರ ಕೈಯಲ್ಲಿ ಆಗ ಇರಲಿಲ್ಲ. ತಿರುಳಿನ ಉದ್ಯಮದ ನೀರಿನಲ್ಲಿ ಬರಬಹುದಾದ ಫೀನಾಲ್ ಜಾತಿಯ ಪದಾರ್ಥಗಳು ಉತ್ಕರ್ಷಣಗೊಂಡಾಗ ವಿದ್ಯುದ್ವಾರಕ್ಕೆ ಅಂಟಿಕೊಂಡು ಅದನ್ನು ಕುರುಡಾಗಿಸುತ್ತವೆ. ನ್ಯಾನೊಕೊಳವೆ ಹೊದಿಸಿದ ಮೈ ಈ ಅಂಟನ್ನು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಹರಿಹರದ ಹತ್ತಿರದ ರಾಜನಹಳ್ಳಿಯಿಂದ ದಾವಣಗೆರೆ ನಗರಕ್ಕೆ ಕುಡಿಯಲು ಎತ್ತುವುದು ಇದೇ ತುಂಗಭದ್ರೆಯ ನೀರು ಎಂಬುದನ್ನು ಮರೆಯುವಂತಿಲ್ಲ.

ಫ್ಲೋರೈಡ್‌ಗೆ ಮಾತ್ರ ಈ ಹೊಸ ವಿದ್ಯೆಯನ್ನು ಎಳೆದು ತರುವ ಅಗತ್ಯ ಕಾಣದು. ಜಗಳೂರು ಕಡೆಯ ಕೊಳವೆಬಾವಿಗಳ ದೊಡ್ಡ ಸಂಕಟ ಅದು. ಆದರೆ 1966ರಲ್ಲೇ ಫ್ರಾಂಟ್ ಮತ್ತು ರಾಸ್ ಲ್ಯಾಂಥನಂ ಫ್ಲೋರೈಡ್ ಹರಳಿನ ವಿದ್ಯುದ್ವಾರ ಕೊಟ್ಟಿದ್ದಾರೆ, ಅದು ಇಂದಿಗೂ ನಂಬಿಕಸ್ಥ. ಪ್ರತಿಯೊಂದಕ್ಕೂ ನ್ಯಾನೊ ಎಂಬ ಪದ ಅಂಟಿಸುವುದರಿಂದ ಫ್ಲೋರೈಡ್ ತಂದ ಹಲ್ಲಿನ ಕಲೆ ಹೋಗದು.

ಪುಡಿಯ ಎಚ್ಚರ

ಒಣ ಕೊಳವೆ ಹಗುರ, ಉಸಿರಿಗೆ ಸುಲಭವಾಗಿ ಏರುತ್ತದೆ. ಉದ್ದನೆಯ ಗಟ್ಟಿ ನ್ಯಾನೊಕೊಳವೆಗಳು ಇಲಿಗಳ ಒಡಲಿನ ಪೊರೆಯಲ್ಲಿ ಕಲ್ನಾರಿನಂಥ ಉರಿಯೂತ ತರುತ್ತವೆ ಎಂದು 2008ರಲ್ಲಿ ಎಡಿನ್‌ಬರೊದ ಕೆನ್ ಡೊನಾಲ್ಡ್‌ಸನ್ ಅವರ ತಂಡ ವರದಿ ಮಾಡಿತು. ತೂಗುವಾಗ ತಕ್ಕ ಮುಖಗವಸು, ಹೊಗೆಗೂಡು ಇರಲೇಬೇಕು. ಎಣ್ಣೆಯಲ್ಲಿ ಕಲಸಿದ ಮೇಲೆ ಪುಡಿ ಹಾರುವುದಿಲ್ಲ. ಬಳಸಿದ ಪೇಸ್ಟನ್ನು ಚರಂಡಿಗೆ ಎಸೆಯಬಾರದು. ನೀರಿನ ವಿಷ ಹುಡುಕಲು ಹೋಗಿ ನೀರಿಗೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ.

ಬೀಕರಿನಿಂದ ದಡಕ್ಕೆ

ಪ್ರಯೋಗಾಲಯದ ಫಾಸ್ಫೇಟ್ ದ್ರಾವಣ ಶುದ್ಧ, ಅದರ ಪಿಎಚ್ ಏಳರ ಹತ್ತಿರ ಅಲುಗದೆ ನಿಂತಿರುತ್ತದೆ. ಬಾತಿ ಕೆರೆ ಹಾಗಿಲ್ಲ. ಕೊಳೆತ ಎಲೆಯ ಹ್ಯೂಮಿಕ್ ಆಮ್ಲ ಅದರಲ್ಲಿದೆ. ಅದು ಸೀಸವನ್ನು ತಬ್ಬಿ ಹಿಡಿದು ವಿದ್ಯುದ್ವಾರಕ್ಕೆ ಸಿಗದಂತೆ ಮಾಡಬಲ್ಲದು. ಬಟ್ಟೆ ತೊಳೆದ ಸಾಬೂನು, ಪಾಚಿ, ಮಣ್ಣಿನ ಕಣ ಎಲ್ಲವೂ ಮೈಗೆ ಮುತ್ತುತ್ತವೆ. ಇದಕ್ಕೆ ಪರಿಹಾರ ಗೊತ್ತಿದೆ: ನೀರನ್ನು ಸೋಸಿ, ಆಮ್ಲ ಸೇರಿಸಿ, ಗೊತ್ತಿರುವ ಪ್ರಮಾಣದ ಸೀಸವನ್ನು ಅದೇ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಶಿಖರ ಎಷ್ಟೆಷ್ಟು ಏರುತ್ತದೆಂದು ನೋಡುವುದು. ಅದರಿಂದ ಮೊದಲೇ ಎಷ್ಟಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಕೆಲವು ಮಾದರಿಗಳನ್ನು ದೊಡ್ಡ ಪ್ರಯೋಗಾಲಯಕ್ಕೂ ಕಳಿಸಿ ತಾಳೆ ನೋಡಬೇಕು. ಶ್ರಮದ ಕೆಲಸ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಪೂರ್ತಿ ಬೇಕು.

ಬೀಕರಿನಿಂದ ಜನರ ಕೈಗೆ ಬಂದ ಉದಾಹರಣೆ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಮತ್ತು ಸಂಗಡಿಗರು ಪಾಥ್‌ಶೋಧ್ ಎಂಬ ಕಂಪನಿ ಕಟ್ಟಿ, ಮಧುಮೇಹದ ಹಲವು ಪರೀಕ್ಷೆಗಳನ್ನು ಅಂಗೈ ಗಾತ್ರದ ಒಂದೇ ವಿದ್ಯುದ್ರಾಸಾಯನಿಕ ಯಂತ್ರಕ್ಕೆ ತಂದರು. ರಕ್ತಕ್ಕೆ ಆದದ್ದು ಕೆರೆಗೂ ಆಗಬೇಕು.

ನಮ್ಮ ಪ್ರಬಂಧಗಳಲ್ಲಿ ನಿಜ ಮಾದರಿ ಎಂದರೆ ಬಹುಪಾಲು ಔಷಧ ಅಂಗಡಿಯ ಮಾತ್ರೆ, ಇಂಜೆಕ್ಷನ್, ಹೆಚ್ಚೆಂದರೆ ನಲ್ಲಿಯ ನೀರು. ಕೆರೆಯ ಹೆಸರು, ತಿಂಗಳು, ತೂಬಿನ ಬಳಿಯೋ ಕೋಡಿಯ ಬಳಿಯೋ ಎಂಬ ವಿವರ ಕಾಣಸಿಗುವುದು ಅಪರೂಪ. ಇದು ನನಗೆ ಕೊರಗು. ಭದ್ರಾ ಅಣೆಕಟ್ಟೆಯಿಂದ ಹೊರಟ ನೀರು ಶಂಕರಘಟ್ಟದ ನೆರೆಯಿಂದಲೇ ನಾಲೆ ಹಿಡಿದು ದಾವಣಗೆರೆ ಸೀಮೆಯ ಗದ್ದೆಗಳಿಗೆ ಬರುತ್ತದೆ, ಅಲ್ಲಿನ ಕುಂದವಾಡ ಕೆರೆಯನ್ನು ತುಂಬುತ್ತದೆ. ಅದೇ ಶಂಕರಘಟ್ಟದ ಪೇಸ್ಟು ಮಾತ್ರ ಈ ನೀರಿಗೆ ಇನ್ನೂ ಇಳಿಯಬೇಕಾಗಿದೆ.

ದಾವಣಗೆರೆ, ಹರಿಹರದ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುವ ಮಕ್ಕಳಲ್ಲಿ ಮತ್ತು ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮುಂದಿನ ಪ್ರಾಜೆಕ್ಟಿಗೆ ಪೇಸ್ಟು ಅರೆಯುವ ಮೊದಲು ಮೂರು ಬಾಟಲಿ ತೊಳೆದಿಟ್ಟುಕೊಳ್ಳಿ. ಒಂದು ಬಾತಿ ಕೆರೆಯಿಂದ, ಒಂದು ರಾಜನಹಳ್ಳಿಯ ಬಳಿಯ ಹೊಳೆಯಿಂದ, ಇನ್ನೊಂದು ಎಣ್ಣೆ ಹೊಡೆದ ವಾರದಲ್ಲಿ ಗದ್ದೆಯ ಬಸಿಗಾಲುವೆಯಿಂದ. ಬಂದ ಅಂಕಿಯನ್ನು ತಾರೀಖಿನ ಸಮೇತ ಕನ್ನಡದಲ್ಲಿ ಬರೆದು ಪಂಚಾಯಿತಿಯ ಫಲಕಕ್ಕೆ ಹಚ್ಚಿ. ಆ ಊರಿನವರು ಓದಿಕೊಳ್ಳಲಿ.